ಮೂರು ಕೂಡಿಸು ನಾಲ್ಕು

ವೈದ್ಯರ ಪೈಕಿ ನಮ್ಮದು ಹಿತ್ತಲ ಕಡೆಯ ಕೆಲಸ. ಆಪರೇಶನ್ ಮಾಡಿದ ಸರ್ಜನ್ನರ ಹೆಸರು ರೋಗಿಯ ಮನೆಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಗುಳಿಗೆ ಬರೆದುಕೊಟ್ಟವರ ಮನೆಗೆ ದೀಪಾವಳಿಗೆ ಫರಾಳದ ಡಬ್ಬಿ ಹೋಗುತ್ತದೆ. ಕತ್ತರಿಸಿ ತೆಗೆದ ಅಂಗವನ್ನು ಕೈಯಲ್ಲಿ ಹಿಡಿದು, ಹೋಳು ಮಾಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು 'ಇದು ಇಂಥದು' ಎಂದು ಬರೆಯುವ ಪೆಥಾಲಜಿಸ್ಟನ ಹೆಸರು ವರದಿಯ ಕೊನೆಯ ಸಹಿಯಲ್ಲಿರುತ್ತದೆ. ಆ ಸಹಿಯನ್ನು ಓದಿದ ರೋಗಿಯನ್ನು ನಾನು ಹೆಚ್ಚಾಗಿ ಕಂಡಿಲ್ಲ. ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿ ಈ ಕೆಲಸ ಮಾಡಿದ ಮೇಲೆ ಅದರ ಬಗ್ಗೆ ನನ್ನ ದೂರೇನೂ ಇಲ್ಲ. ಜನರ ಮುಖ ನೋಡದೆ ಒಳಗನ್ನಷ್ಟೇ ನೋಡುವುದರಲ್ಲಿ ಒಂದು ನೆಮ್ಮದಿಯಿದೆ. ಕೆಟ್ಟ ಸುದ್ದಿಯನ್ನು ನಾವು ಬರೆಯುತ್ತೇವೆ. ಹೇಳುವ ಹೊಣೆ ಬೇರೆಯವರದು.

ಒಂದು ರೋಗದ ವಿಷಯದಲ್ಲಿ ಮಾತ್ರ ಈ ನೆಮ್ಮದಿ ನನಗೆ ಕಡಿಮೆ. ಅದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕುಳಿತ, ಹೆಚ್ಚುಕಡಿಮೆ ಅಕ್ರೋಟಿನ ಗಾತ್ರದ ಗ್ರಂಥಿ ಇದು. ಇದರ ಕ್ಯಾನ್ಸರ್ ಬಹಳ ಸಲ ನಿಧಾನದ್ದು. ಅದು ಗ್ರಂಥಿಯೊಳಗೇ ಇರುವಾಗ ಗೊತ್ತಾದರೆ ಇಡೀ ಗ್ರಂಥಿಯನ್ನು ತೆಗೆಯಬಹುದು. ತೆಗೆಸಿಕೊಂಡವರಲ್ಲಿ ಬಹು ಮಂದಿ ಪಾರಾಗುತ್ತಾರೆ. ಕೆಲವರಿಗೆ ಎರಡು ವರ್ಷಕ್ಕೋ ಹತ್ತು ವರ್ಷಕ್ಕೋ ತಿರುಗಿ ಬರುತ್ತದೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದ್ದರೆ ಅದು ನನ್ನ ಮೇಜಿನ ಮೇಲಿನ ಆ ಅಕ್ರೋಟಿನಲ್ಲೇ ಇರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು ಅದನ್ನು ಕೈಗೆತ್ತಿಕೊಳ್ಳುತ್ತೇನೆ.

ಗ್ರಂಥಿ ಬಂದಾಗ ಮೊದಲು ತೂಕ. ಆಮೇಲೆ ಅದರ ಮೈಗೆಲ್ಲ ಮಸಿ ಬಳಿಯುತ್ತೇವೆ, ಹಿಂದೆ ನಕಾಶೆ ಬರೆಯುವವರು ಬಳಸುತ್ತಿದ್ದ ಇಂಡಿಯನ್ ಇಂಕಿನಂಥ ಮಸಿ. ಫಾರ್ಮಲಿನ್ನಿನಲ್ಲಿ ಗಟ್ಟಿಯಾದ ಮೇಲೆ ಬ್ರೆಡ್ಡಿನಂತೆ ಹೋಳು ಮಾಡಿ ಮೇಣದಲ್ಲಿ ಅಚ್ಚು ಹಾಕುತ್ತೇವೆ. ಆ ಅಚ್ಚಿನಿಂದ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳುವಾದ ಪದರು ಹೆರೆದು ಗಾಜಿಗೆ ಹಚ್ಚಿ ಬಣ್ಣ ಹಾಕಿದರೆ ಕಣಗಳು ನೇರಳೆ, ಗುಲಾಬಿಯಾಗಿ ಕಾಣುತ್ತವೆ. ಆ ನೇರಳೆ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಚೆಕ್ಕೆಯಿಂದ ಬರುವುದು. ಕ್ಯಾನ್ಸರ್ ಕಣಗಳು ಕಪ್ಪು ಮಸಿಯನ್ನು ಮುಟ್ಟಿದ್ದರೆ ಸರ್ಜನ್ನರ ಕತ್ತರಿ ಹೋದ ಗೆರೆಯವರೆಗೂ ರೋಗ ಬಂದಿತ್ತು ಎಂದರ್ಥ. ಮುಟ್ಟಿರದಿದ್ದರೆ ಒಂದು ಸಮಾಧಾನ. ಇಷ್ಟು ಹಳೆಯ ಕಾಲದ ಸಾಮಾನಿನಿಂದಲೇ ನಮ್ಮ ಮುಕ್ಕಾಲು ಭವಿಷ್ಯವಾಣಿ ನಡೆಯುತ್ತದೆ.

ಉಳಿದ ಕಾಲು ಭಾಗದಲ್ಲಿ ದೊಡ್ಡ ಹೆಸರು ಡೊನಾಲ್ಡ್ ಗ್ಲೀಸನ್ ಅವರದು. ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಪೆಥಾಲಜಿಸ್ಟರಾಗಿದ್ದ ಅವರು 1966ರಲ್ಲಿ ಒಂದು ಸರಳ ದಾರಿ ತೋರಿಸಿದರು. ಒಂದೊಂದು ಕಣದ ಚಹರೆಯನ್ನು ಹುಡುಕುತ್ತ ಕೂಡದೆ, ಸ್ವಲ್ಪ ದೂರದಿಂದ, ಕಣಗಳು ಕಟ್ಟಿಕೊಂಡ ಮನೆಗಳನ್ನು ನೋಡಿದರು. ಬಿಡಿಬಿಡಿಯಾಗಿ ಅಚ್ಚುಕಟ್ಟಾದ ಮನೆಗಳಿದ್ದರೆ ಕಡಿಮೆ ಅಂಕ. ಗೋಡೆಗೆ ಗೋಡೆ ಕೂಡಿ ಓಣಿಯೇ ಇಲ್ಲದಂತಾದರೆ ಹೆಚ್ಚು. ಮನೆಯೇ ಇಲ್ಲದೆ ಕಣಗಳು ಬೀದಿಪಾಲಾಗಿ ಹರಡಿದ್ದರೆ ಐದು. ಒಬ್ಬನ ಗ್ರಂಥಿಯಲ್ಲಿ ಎರಡು ನಮೂನೆ ಇದ್ದರೆ ಹೆಚ್ಚು ಜಾಗ ಹಿಡಿದದ್ದನ್ನು ಮೊದಲು, ಅದರ ನಂತರದ್ದನ್ನು ಆಮೇಲೆ ಬರೆದು ಕೂಡಿಸಬೇಕು. ಗ್ಲೀಸನ್ 2008ರಲ್ಲಿ ತೀರಿಕೊಂಡರು. ಅವರ ಅಂಕ ಇಂದಿಗೂ ಪ್ರತಿ ವರದಿಯಲ್ಲಿದೆ.

ಈ ಅಂಕವೇ 2018ರ ಮಳೆಗಾಲದಲ್ಲಿ ಒಬ್ಬ ರೋಗಿಯನ್ನು ನೇರವಾಗಿ ನನ್ನ ಕೋಣೆಗೆ ಕರೆತಂದಿತು. ಧಾರವಾಡದ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು. ಆಗ ಅವರಿಗೆ ಅರವತ್ತೊಂಬತ್ತು ವಯಸ್ಸು. ಆಪರೇಶನ್ ಆಗಿ ಮೂರು ವಾರವಾಗಿತ್ತು. ವರದಿಯನ್ನು ಮಡಚಿ ಬುಶ್‌ಕೋಟಿನ ಕಿಸೆಯಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಬಸ್ಸಿನಲ್ಲಿ ಬಂದಿದ್ದರು. ಕೆಳಗಿನ ಸಹಿಯನ್ನು ಓದಿದ್ದರು ಎಂದು ಬೇರೆ ಹೇಳಬೇಕಿಲ್ಲ.

"ಏನಪಾ ಡಾಕ್ಟರಾ," ಎಂದರು, "ಮೂರು ನಾಕು ಕೂಡಿಸಿದ್ರೂ ಏಳ, ನಾಕು ಮೂರು ಕೂಡಿಸಿದ್ರೂ ಏಳ. ಎಂಟನೇ ಇಯತ್ತೆದಾಗ ಇದನ್ನ ನಿಮಗ ಹೇಳಿಕೊಟ್ಟಾಂವ ನಾನ. ನಿಮ್ಮ ಸರ್ಜನ್ರು ನೋಡಿದ್ರ, ಮೂರು ನಾಕು ಆಗಿದ್ರ ಛಲೋ ಇತ್ತು, ನಿಮ್ಮದು ನಾಕು ಮೂರು ಅಂತಾರ. ಇದ್ಯಾವ ಶಾಸ್ತ್ರಾನೋ?"

"ಸರ, ಇದು ಕೂಡಿಸೂ ಲೆಕ್ಕ ಅಲ್ಲರಿ. ಮೊದಲನೇದು ಹೆಚ್ಚು ಜಾಗಾ ಹಿಡದದ್ದು. ನಿಮ್ಮದರಾಗ ನಾಕನೇ ನಮೂನಿ ಹೆಚ್ಚದ."

"ಹಂಗಾರ ಕೂಡಿಸೂದ್ಯಾಕ?"

ಮಾಸ್ತರರ ಈ ತಕರಾರು ನಮ್ಮವರಿಗೂ ಬಂದದ್ದೇ. ಏಳು ಎಂಬ ಒಂದೇ ಮೊತ್ತದಲ್ಲಿ ಎರಡು ಬೇರೆ ಬೇರೆ ಹಣೆಬರಹ ಅಡಗಿವೆ ಎಂಬುದು ಸಾವಿರಾರು ರೋಗಿಗಳ ಲೆಕ್ಕದಿಂದ ಗೊತ್ತಾದ ಮೇಲೆ, 2014ರಲ್ಲಿ ಈ ರೋಗದ ಪೆಥಾಲಜಿಸ್ಟರು ಸಭೆ ಸೇರಿ ಒಂದರಿಂದ ಐದರವರೆಗಿನ ಗುಂಪುಗಳನ್ನು ಒಪ್ಪಿಕೊಂಡರು. ಮೂರು ಕೂಡಿಸು ನಾಲ್ಕು ಎರಡನೆಯ ಗುಂಪು. ನಾಲ್ಕು ಕೂಡಿಸು ಮೂರು ಮೂರನೆಯ ಗುಂಪು. ಇದನ್ನು ಹೇಳಿದಾಗ ಮಾಸ್ತರರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ರೋಗ ಕಡಿಮೆಯಾಗಲಿಲ್ಲ, ಗಣಿತ ಸರಿಹೋಯಿತು.

ಮಾಸ್ತರರ ಮನೆಯವರ ಪ್ರಶ್ನೆ ಬೇರೆ. "ಗಡ್ಡಿನ ತಗದ ಮ್ಯಾಲೆ ತಿರುಗಿ ಬರೂದು ಹ್ಯಾಂಗರಿ? ಇಲ್ಲದ್ದು ಎಲ್ಲಿಂದ ಬರ್ತದ?" ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಎರಿಹೊಲದಲ್ಲಿ ಕರಿಕೆ ಕಿತ್ತವರಿಗೆ ಇದರ ಉತ್ತರ ಗೊತ್ತು. ಮೇಲಿನ ಹುಲ್ಲೆಲ್ಲ ತೆಗೆದು ನೆಲ ಹಸನು ಮಾಡಿದರೂ ಬೆರಳುದ್ದದ ಒಂದು ಬೇರು ಮಣ್ಣಲ್ಲಿ ಉಳಿದಿದ್ದರೆ ಮುಂದಿನ ಮಳೆಗೆ ಚಿಗುರುತ್ತದೆ. ಆಪರೇಶನ್ನಿನ ಮೊದಲೇ ಕೆಲವು ಕಣಗಳು ಗ್ರಂಥಿಯ ಹೊರಗೆ ಹೋಗಿದ್ದರೆ ಅವು ಯಾವ ಸ್ಕ್ಯಾನಿನಲ್ಲೂ ಕಾಣದಷ್ಟು ಸಣ್ಣವು. ಅವು ಬೆಳೆದು ಕಾಣಿಸಿಕೊಳ್ಳುವುದನ್ನೇ ನಾವು ತಿರುಗಿ ಬಂತು ಎನ್ನುತ್ತೇವೆ. ನಿಜವಾಗಿ ಅದು ಹೋಗಿರಲೇ ಇಲ್ಲ.

ಈ ಕರಿಕೆಯ ಚಿಗುರನ್ನು ಮೊದಲು ತೋರಿಸುವುದು ರಕ್ತ. ಪ್ರಾಸ್ಟೇಟಿನ ಕಣಗಳು ಪಿ.ಎಸ್.ಎ. ಎಂಬ ಒಂದು ಪ್ರೋಟೀನನ್ನು ಮಾಡುತ್ತವೆ. ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಕೆಲವು ವಾರಗಳಲ್ಲಿ ಅದು ರಕ್ತದಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಮುಂದೆ ಅದು ಒಂದು ಮಿಲಿಲೀಟರಿಗೆ 0.2 ನ್ಯಾನೊಗ್ರಾಮಿಗೆ ಏರಿ, ಎರಡನೆಯ ಪರೀಕ್ಷೆಯಲ್ಲೂ ಹಾಗೇ ಬಂದರೆ ಎಲ್ಲೋ ಕಣಗಳಿವೆ ಎಂದು ತಿಳಿಯುತ್ತೇವೆ. ಹಾಗೆಂದು ಅದು ಸಾವಿನ ಕಾಗದವಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಆಪರೇಶನ್ ಆದ 1997 ಮಂದಿಯ ಲೆಕ್ಕವನ್ನು 1999ರಲ್ಲಿ ಪ್ರಕಟಿಸಿದರು. ಪಿ.ಎಸ್.ಎ. ಏರಿದ್ದು ಅವರಲ್ಲಿ 315 ಮಂದಿಗೆ. ಏರಿದವರಿಗೂ ಹಾರ್ಮೋನಿನ ಚಿಕಿತ್ಸೆ ಕೊಡದೆ ಕಾಯುತ್ತ ಹೋದಾಗ, ರೋಗ ಎಲುಬಿಗೋ ಬೇರೆಡೆಗೋ ಹರಡಿ ಕಾಣಿಸಲು ಮಧ್ಯದ ಲೆಕ್ಕದಲ್ಲಿ ಎಂಟು ವರ್ಷ ಹಿಡಿಯಿತು. ಎಂಟು ವರ್ಷ ಸಣ್ಣ ಅವಧಿಯಲ್ಲ. ಅರವತ್ತೊಂಬತ್ತರ ಮನುಷ್ಯನಿಗಂತೂ ಅಲ್ಲ.

ಮಾಸ್ತರರಿಗೆ ಅಂಕಿಗಳ ರುಚಿ ಹತ್ತಿತು. ಅವರಿಗೆ ಹಿಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯರು 2011ರಲ್ಲಿ ಮಾಡಿದ ಒಂದು ಅಂಕಪಟ್ಟಿ. ಆಪರೇಶನ್ನಿನ ಮೊದಲಿನ ಪಿ.ಎಸ್.ಎ., ಗ್ಲೀಸನ್ ಅಂಕ, ಮಸಿಯ ಗೆರೆ, ಗ್ರಂಥಿಯ ಹೊರಪೊರೆ, ವೀರ್ಯಕೋಶ, ಹಾಲುಗಂತಿ: ಈ ಆರಕ್ಕೆ ಅಂಕ ಕೊಟ್ಟು ಕೂಡಿಸಿದರೆ ಒಟ್ಟು ಹನ್ನೆರಡು. ಎರಡರವರೆಗೆ ಅಪಾಯ ಕಡಿಮೆ, ಮೂರರಿಂದ ಐದು ಮಧ್ಯಮ, ಆರರ ಮೇಲೆ ಹೆಚ್ಚು. ನನ್ನ ಮೇಜಿನ ಮೇಲೇ ಅವರು ಕೂಡಿಸಿದರು. ಪಿ.ಎಸ್.ಎ. 11 ಇತ್ತು, ಎರಡು ಅಂಕ. ನಾಲ್ಕು ಕೂಡಿಸು ಮೂರಕ್ಕೆ ಎರಡು. ಹೊರಪೊರೆಯನ್ನು ರೋಗ ಒಂದು ಕಡೆ ದಾಟಿತ್ತು, ಅದಕ್ಕೆ ಒಂದು. ಉಳಿದ ಮೂರೂ ಸೊನ್ನೆ. ಒಟ್ಟು ಐದು. ಮಧ್ಯಮ ವರ್ಗದ ಕಟ್ಟಕಡೆಯ ಬೆಂಚು.

"ಇಲ್ಲೇ ತಂದು ನಿಂದ್ರಿಸಿದೆಯಲ್ಲೋ," ಎಂದರು. "ಪಾಸೂ ಅಲ್ಲ, ನಾಪಾಸೂ ಅಲ್ಲ."

ಗಂತಿಯೊಳಗಿನ ಹೊಸ ಗುರುತುಗಳು ಬೇಕಾಗುವುದು ಈ ಬೆಂಚಿನವರಿಗೇ. ಎರಡು ಅಂಕದವನಿಗೂ ಹತ್ತು ಅಂಕದವನಿಗೂ ಹಳೆಯ ಮಸಿ, ಹಳೆಯ ಕಣ್ಣು ಬಹುಮಟ್ಟಿಗೆ ಸಾಕು. ನಡುವಿನವರನ್ನು ಇನ್ನಷ್ಟು ಸೋಸಬಹುದೇ ಎಂದು ನಾಲ್ಕು ದಶಕಗಳಿಂದ ಹುಡುಕಾಟ ನಡೆದಿದೆ.

ಅಂಥ ಒಂದು ಗುರುತಿನ ಹೆಸರು ಕಿ-67. ಮನೆ ನಂಬರಿನಂಥ ಈ ಹೆಸರಿಗೆ ಕಾರಣವಿದೆ. ಜರ್ಮನಿಯ ಉತ್ತರದ ಕೀಲ್ ಎಂಬ ಊರಿನಲ್ಲಿ 1983ರಲ್ಲಿ ಯೋಹಾನ್ನೆಸ್ ಗೆರ್ಡೆಸ್ ಮತ್ತು ಸಂಗಡಿಗರು, ಒಡೆದು ಎರಡಾಗಲು ಹೊರಟ ಕಣಗಳನ್ನು ಮಾತ್ರ ಹಿಡಿಯುವ ಒಂದು ಪ್ರತಿಕಾಯವನ್ನು ಪಡೆದರು. ಅದು ಸಿಕ್ಕಿದ್ದು 96 ಗುಳಿಗಳ ತಟ್ಟೆಯ 67ನೆಯ ಗುಳಿಯಲ್ಲಿ. ಊರಿನ ಹೆಸರಿನ ಮೊದಲಕ್ಷರಗಳು, ಗುಳಿಯ ನಂಬರು, ಸೇರಿ ಕಿ-67. ಇದನ್ನು ಹಚ್ಚಿದರೆ ದುಡಿಮೆಯಲ್ಲಿರುವ ಕಣಗಳ ನಡುಬೊಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ವಿಶ್ರಾಂತಿಯಲ್ಲಿರುವವು ನೀಲಿಯಾಗಿಯೇ ಉಳಿಯುತ್ತವೆ. ಕಂದು ಹೆಚ್ಚಿದ್ದವರಲ್ಲಿ ರೋಗ ಮರಳುವುದು ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಸ್ತನದ ಕ್ಯಾನ್ಸರಿಗೆ ಇದನ್ನು ದಿನವೂ ಬಳಸುವುದರಿಂದ ನಮ್ಮಲ್ಲಿ ಅದರ ಶೀಶೆ ಇರುತ್ತದೆ. ಮಾಸ್ತರರು ಕೇಳಿದರೆಂದು ಅವರ ಅಚ್ಚಿಗೂ ಹಾಕಿದೆ. ಎಣಿಸಿದೆ. ನೂರು ಕಣಕ್ಕೆ ಎಂಟು ಕಂದು. ಎಂಟು ಹೆಚ್ಚೋ ಕಡಿಮೆಯೋ? ಪ್ರಾಸ್ಟೇಟಿನ ಮಟ್ಟಿಗೆ ಅದರ ಗೆರೆ ಒಂದೊಂದು ಅಧ್ಯಯನದಲ್ಲಿ ಒಂದೊಂದು ಕಡೆ. ಐದಕ್ಕೆ ಗೆರೆ ಎಳೆದವರ ಪ್ರಕಾರ ಮಾಸ್ತರರು ಮೇಲೆ, ಹತ್ತಕ್ಕೆ ಎಳೆದವರ ಪ್ರಕಾರ ಕೆಳಗೆ. ಅದೇ ಗ್ರಂಥಿಯ ಇನ್ನೊಂದು ಹೋಳಿನಲ್ಲಿ ಎಣಿಸಿದಾಗ ನೂರಕ್ಕೆ ನಾಲ್ಕು ಬಂತು. ಪ್ರಾಸ್ಟೇಟಿನಲ್ಲಿ ರೋಗ ಬಹಳ ಸಲ ಒಂದೇ ಗಂತಿಯಾಗಿ ಇರುವುದಿಲ್ಲ. ಎರಡು ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿರುತ್ತದೆ, ಒಂದೊಂದರ ಸ್ವಭಾವ ಒಂದೊಂದು. ಯಾವ ಹೋಳನ್ನು ಕೇಳಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಪಿಟೆನ್ ಎಂಬುದು 1997ರಲ್ಲಿ ಗೊತ್ತಾದ ಇನ್ನೊಂದು ವಂಶವಾಹಿ. ಕಣದ ಬೆಳವಣಿಗೆಗೆ ಅದೊಂದು ಬ್ರೇಕು. ಗಂತಿಯಲ್ಲಿ ಅದು ಕಳೆದುಹೋಗಿದ್ದರೆ ರೋಗ ಮರಳುವ ಸಂಭವ ಹೆಚ್ಚು. ಅದೂ ಒಂದು ಮೂಲೆಯಲ್ಲಿ ಕಳೆದು ಇನ್ನೊಂದು ಮೂಲೆಯಲ್ಲಿ ಉಳಿದಿರಬಹುದು. 2005ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ಈ ಕ್ಯಾನ್ಸರಿನಲ್ಲಿ ಎರಡು ವಂಶವಾಹಿಗಳು ತಪ್ಪಾಗಿ ಗಂಟುಬಿದ್ದಿರುವುದನ್ನು ಕಂಡುಹಿಡಿದಾಗ ನಮ್ಮ ಲೋಕದಲ್ಲಿ ದೊಡ್ಡ ಸಡಗರವಾಯಿತು. ಕ್ಯಾನ್ಸರ್ ಹೌದೋ ಅಲ್ಲವೋ ಎನ್ನಲು ಆ ಗಂಟು ಸಹಾಯಕ್ಕೆ ಬರುತ್ತದೆ. ಆಪರೇಶನ್ ಆದ ಸಾವಿರಾರು ಮಂದಿಯ ಲೆಕ್ಕ ಹಾಕಿದಾಗ, ಯಾರಿಗೆ ತಿರುಗಿ ಬರುತ್ತದೆ ಎನ್ನಲು ಅದರಿಂದ ಹೆಚ್ಚು ಪ್ರಯೋಜನ ಕಾಣಲಿಲ್ಲ. ರೋಗದ ಹುಟ್ಟನ್ನು ಬಲ್ಲ ಗುರುತಿಗೆ ಅದರ ಮುಂದಿನ ನಡೆ ಗೊತ್ತಿರಬೇಕೆಂದಿಲ್ಲ.

ಒಂದೇ ಗುರುತಿನ ಮೇಲೆ ನಂಬಿಕೆ ಕಡಿಮೆಯಾದಾಗ ಹಲವನ್ನು ಒಟ್ಟಿಗೆ ಓದುವ ದಾರಿ ಬಂತು. ಗ್ಲೀಸನ್ ಅವರಿದ್ದ ಮಿನೆಸೊಟ ರಾಜ್ಯದಲ್ಲೇ ಇರುವ ಮೇಯೊ ಕ್ಲಿನಿಕ್ಕಿನವರು ಆಪರೇಶನ್ ಆದವರ ಮೇಣದ ಅಚ್ಚುಗಳನ್ನು ವರ್ಷಗಟ್ಟಲೆ ಜೋಪಾನ ಮಾಡಿದ್ದರು. ಯಾರಿಗೆ ರೋಗ ಹರಡಿತು, ಯಾರಿಗೆ ಇಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಆ ಅಚ್ಚುಗಳಿಂದ 22 ವಂಶವಾಹಿ ಗುರುತುಗಳನ್ನು ಆರಿಸಿ 2013ರಲ್ಲಿ ಡಿಸೈಫರ್ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಉತ್ತರ ಸೊನ್ನೆಯಿಂದ ಒಂದರ ನಡುವೆ ಬರುತ್ತದೆ. 0.45ರ ಕೆಳಗೆ ಕಡಿಮೆ ಅಪಾಯ, 0.6ರ ಮೇಲೆ ಹೆಚ್ಚು. ಕಣಗಳ ಒಡೆಯುವಿಕೆಗೆ ಸಂಬಂಧಿಸಿದ 31 ವಂಶವಾಹಿಗಳನ್ನು ಓದುವ ಇನ್ನೊಂದು ಪರೀಕ್ಷೆ ಅದಕ್ಕೂ ಎರಡು ವರ್ಷ ಮೊದಲೇ ಬಂದಿತ್ತು. ಇವು ನನ್ನ ಕಣ್ಣಿಗಿಂತ ಸ್ವಲ್ಪ ಹೆಚ್ಚು ನೋಡುತ್ತವೆ ಎಂಬುದನ್ನು ಒಪ್ಪಬೇಕು. ಅಂಕಪಟ್ಟಿಯ ಜೊತೆ ಸೇರಿಸಿದರೆ ಲೆಕ್ಕ ಇನ್ನಷ್ಟು ನಿಖರವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಸಾವಿರಾರು ಡಾಲರು. ಪುಣೆಯಲ್ಲಿರುವ ಮಗ ಅಪ್ಪನ ಅಚ್ಚನ್ನು ಕಳಿಸಿಕೊಡಲು ತಯಾರಿದ್ದ.

ಮಾಸ್ತರರು ಅಂದು ಕೇಳಿದ ಪ್ರಶ್ನೆ ನನ್ನ ಕೆಲಸದ ಬಗ್ಗೆ ನನಗಿರುವ ಎಲ್ಲ ತಿಳಿವಳಿಕೆಯನ್ನೂ ಒಂದು ಸಲ ತೂಗಿತು. "ನೂರು ಮಂದ್ಯಾಗ ಇಷ್ಟು ಮಂದಿಗೆ ತಿರುಗಿ ಬರ್ತದ ಅಂತ ಆ ಯಂತ್ರ ಹೇಳ್ತದ. ಆ ನೂರರಾಗ ನಾ ಯಾವ ಕಡೆ ಅದೀನಿ ಅಂತ ಹೇಳ್ತದೇನು?"

"ಇಲ್ಲರಿ ಸರ."

"ಮತ್ತ ಅದರ ಉತ್ತರ ಬಂದ ಮ್ಯಾಲೆ ನೀವು ಬ್ಯಾರೆ ಏನರ ಮಾಡ್ತೀರೇನು?"

ಇದೇ ಸರಿಯಾದ ಪ್ರಶ್ನೆ. ಗಂತಿಯ ಗುರುತು ಎಷ್ಟು ನಿಖರ ಎಂಬುದರ ಜೊತೆಗೆ, ಅದನ್ನು ತಿಳಿದು ಮುಂದಿನ ಹೆಜ್ಜೆ ಬದಲಾಗುತ್ತದೆಯೇ ಎಂದು ಕೇಳಬೇಕು. ಬದಲಾಗದಿದ್ದರೆ ಅದು ಮನುಷ್ಯನಿಗೆ ಕೊಡುವುದು ಇನ್ನೊಂದು ಅಂಕಿಯನ್ನು, ಅದರೊಂದಿಗೆ ಇನ್ನೊಂದಿಷ್ಟು ನಿದ್ದೆಗೇಡನ್ನು. ಆಗ ಮಾಸ್ತರರ ಮುಂದೆ ಎರಡೇ ದಾರಿ ಇದ್ದವು. ಈಗಲೇ ಆ ಜಾಗಕ್ಕೆ ರೇಡಿಯೇಶನ್ ಕೊಡುವುದು, ಇಲ್ಲವೇ ಮೂರು ತಿಂಗಳಿಗೊಮ್ಮೆ ಪಿ.ಎಸ್.ಎ. ನೋಡುತ್ತ, ಏರತೊಡಗಿದ ಕೂಡಲೇ ಕೊಡುವುದು. ರೇಡಿಯೇಶನ್ ಪುಕ್ಕಟೆಯದಲ್ಲ. ಮೂತ್ರದ ಹಿಡಿತ ಆಪರೇಶನ್ನಿನಿಂದ ಆಗಲೇ ಸಡಿಲವಾಗಿರುತ್ತದೆ, ಅದು ಇನ್ನಷ್ಟು ಕೆಡಬಹುದು; ಮಲದಲ್ಲಿ ರಕ್ತ ಬರಬಹುದು. ರೋಗ ಉಳಿದಿರದವನಿಗೆ ಇದೆಲ್ಲ ಬರೀ ನಷ್ಟ. 2018ರಲ್ಲಿ ವೈದ್ಯರಲ್ಲೇ ಎರಡು ಪಕ್ಷವಿತ್ತು. ಮಾಸ್ತರರು ತಮ್ಮ ಸರ್ಜನ್ನರೊಡನೆ ಮಾತಾಡಿ ಕಾಯುವ ದಾರಿ ಹಿಡಿದರು. ಅಚ್ಚು ಅಮೆರಿಕಕ್ಕೆ ಹೋಗಲಿಲ್ಲ.

2020ರಲ್ಲಿ ಬ್ರಿಟನ್, ಡೆನ್ಮಾರ್ಕ್, ಕೆನಡಾ, ಐರ್ಲೆಂಡುಗಳ 1396 ಮಂದಿಯ ಮೇಲೆ ನಡೆದ ರಾಡಿಕಲ್ಸ್ ಎಂಬ ಪ್ರಯೋಗದ ಫಲಿತಾಂಶ ಬಂತು. ತಕ್ಷಣ ರೇಡಿಯೇಶನ್ ಕೊಟ್ಟವರಿಗೂ, ಕಾದು ನೋಡಿ ಪಿ.ಎಸ್.ಎ. ಏರಿದಾಗ ಮಾತ್ರ ಕೊಟ್ಟವರಿಗೂ ರೋಗದ ಹಿಡಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೂತ್ರದ ತೊಂದರೆ ಮೊದಲಿನವರಿಗೆ ಹೆಚ್ಚು. 2024ರಲ್ಲಿ ಬಂದ ಹತ್ತು ವರ್ಷಗಳ ಲೆಕ್ಕವೂ ಅದನ್ನೇ ಹೇಳಿತು. ತೀರ ಕೆಟ್ಟ ಗುರುತುಗಳುಳ್ಳವರು ಆ ಪ್ರಯೋಗದಲ್ಲಿ ಕಡಿಮೆ ಇದ್ದರು. ಅವರ ವಿಷಯದಲ್ಲಿ ಕಾಯುವುದು ಸರಿಯೇ ಎಂಬ ಚರ್ಚೆ ಇನ್ನೂ ಇದೆ. ವಂಶವಾಹಿಗಳ ಪರೀಕ್ಷೆಗೆ ನಿಜವಾದ ಕೆಲಸವಿರುವುದು ಅಂಥ ಕಡೆ. ಹೆಜ್ಜೆ ಬದಲಾಯಿಸಬಲ್ಲ ಕಡೆ.

ಮೂರು ವರ್ಷ ಮಾಸ್ತರರ ರಕ್ತದಲ್ಲಿ ಏನೂ ಕಾಣಲಿಲ್ಲ. 2021ರ ಕೊನೆಗೆ 0.06 ಬಂತು. ಮೂರು ತಿಂಗಳಿಗೆ 0.11. ಆಮೇಲೆ 0.17. ನನಗೆ ಫೋನು ಮಾಡಿ ಮೂರೂ ಅಂಕಿ ಓದಿ, "ಶ್ರೇಢಿ ಸುರು ಆತು ನೋಡು" ಎಂದರು. ಅವರ ದನಿ ಎಂದಿನಂತೆಯೇ ಇತ್ತು. ಹಿಂದಿನಿಂದ ಅವರ ಮನೆಯವರು ಮೂಗು ಸೀಟುವುದು ಕೇಳಿಸಿತು. ಮೂವತ್ತಮೂರು ದಿನ ರೇಡಿಯೇಶನ್ ಆಯಿತು. ವಾರಕ್ಕೆ ಐದು ದಿನ, ಧಾರವಾಡದಿಂದ ಬೆಳಗಿನ ಬಸ್ಸು, ಹೊಟ್ಟೆ ತುಂಬ ನೀರು ಕುಡಿದು ಸರದಿಗೆ ಕೂಡುವುದು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಪಿ.ಎಸ್.ಎ. ಇಳಿಯಿತು. ಈಗ ಅವರಿಗೆ ಎಪ್ಪತ್ತೈದು ದಾಟಿದೆ. ಅದು ಇಳಿದೇ ಇದೆ. ಮುಂದೆಯೂ ಹಾಗೇ ಇರುತ್ತದೆಂದು ನಾನು ಹೇಳಲಾರೆ, ಅವರೂ ಕೇಳುವುದಿಲ್ಲ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಈ ಆಪರೇಶನ್ ಆಗಿದ್ದರೆ ಎರಡು ಮಾತು. ಪೆಥಾಲಜಿ ವರದಿಯ ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡಿ. ಅದರ ಒಂದೊಂದು ಸಾಲೂ ಮುಂದೆ ಕೆಲಸಕ್ಕೆ ಬರುತ್ತದೆ. ಪಿ.ಎಸ್.ಎ. ಪರೀಕ್ಷೆಯ ತಾರೀಖು ತಪ್ಪಿಸಬೇಡಿ, ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಕಾಯುವುದು ಎಂದರೆ ಮರೆಯುವುದಲ್ಲ. ಮಾಸ್ತರರ ಕರಿಕೆ ಸಿಕ್ಕಿದ್ದು ಚಿಗುರಿನಲ್ಲೇ, ಏಕೆಂದರೆ ಅವರು ಒಂದು ಮೂರು ತಿಂಗಳನ್ನೂ ತಪ್ಪಿಸಿರಲಿಲ್ಲ.

ಅವರ ಅಚ್ಚುಗಳು ನಮ್ಮ ಕಪಾಟಿನಲ್ಲಿವೆ. ಹಳೆಯ ಅಚ್ಚುಗಳನ್ನು ವಿಲೇವಾರಿ ಮಾಡುವಾಗ ಅವನ್ನು ಕಳೆಯಬಾರದೆಂದು ಚೀಟಿ ಅಂಟಿಸಿದ್ದೇನೆ. ಇಂದಿನ ಗುರುತುಗಳೆಲ್ಲ ಹುಟ್ಟಿದ್ದು ಹೀಗೆ ಯಾರೋ ಎಸೆಯದೆ ಇಟ್ಟ ಅಚ್ಚುಗಳಿಂದ, ಅವುಗಳ ಜೊತೆ ಬರೆದಿಟ್ಟ ಮುಂದಿನ ವರ್ಷಗಳ ಸಂಗತಿಯಿಂದ. ಮುಂದೆ ಯಾರಾದರೂ ಸಂಶೋಧನೆಗೆ ಕೇಳಿದರೆ ಕೊಡಬಹುದೆಂದು ಮಾಸ್ತರರು ಒಪ್ಪಿಗೆಪತ್ರಕ್ಕೆ ರುಜು ಹಾಕಿದ್ದಾರೆ. ಈ ಬರಹಕ್ಕೂ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದರು. ರುಜು ಹಾಕುವ ಮೊದಲು ಪತ್ರವನ್ನು ಎರಡು ಸಲ ಓದಿ, ಒಂದು ಕಡೆ ನಮ್ಮ ಗುಮಾಸ್ತ ತಪ್ಪಾಗಿ ಬರೆದಿದ್ದ ತಾರೀಖನ್ನು ತಿದ್ದಿಕೊಟ್ಟರು.